ಒಂದೇ ಹಳೆಯ ಊರು, ಮೂರು ಬಗೆಯ ಕೇರಿಗಳು

ಅಥೆನ್ಸ್ ಕುರಿತ ನಮ್ಮ ಪ್ರವಾಸ ಲೇಖನವನ್ನು ಓದಿದ ಧಾರವಾಡದ ಓದುಗರೊಬ್ಬರು, ಅರ್ಧ ಗಂಟೆಯೊಳಗೆ ನಡೆದು ದಾಟಬಹುದಾದ ಪ್ಲಾಕಾ, ಮೊನಾಸ್ತಿರಾಕಿ ಮತ್ತು ಪ್ಸಿರಿ ಎಂಬ ನೆರೆಹೊರೆಯ ಕೇರಿಗಳು ಒಂದನ್ನೊಂದು ಹೋಲದಿರಲು ಕಾರಣವೇನು, ಅವೆಲ್ಲ ಒಂದೇ ಹಳೆಯ ಊರಿನ ಭಾಗಗಳಲ್ಲವೇ ಎಂದು ಕೇಳಿದ್ದಾರೆ.

ಮಾನ್ಯರೇ, ಒಂದೇ ಊರು ಎಂಬ ನಿಮ್ಮ ಮಾತು ನಿಜ. ಆಟೊಮನ್ನರ ಆಳ್ವಿಕೆ ಮುಗಿಯುವವರೆಗೂ ಅದು ಅಕ್ರೊಪೊಲಿಸ್ ಗುಡ್ಡದ ಬುಡಕ್ಕೆ ಅಂಟಿಕೊಂಡಿದ್ದ ಸಣ್ಣ ಪಟ್ಟಣವಾಗಿತ್ತು. ನೆಲದಡಿಯ ಪ್ರಾಚೀನ ನಗರ ಮುಖ್ಯವೋ, ನೆಲದ ಮೇಲೆ ಬಾಳುತ್ತಿರುವವರ ಮನೆ ಮುಖ್ಯವೋ ಎಂಬ ಪ್ರಶ್ನೆಗೆ ಹೊಸ ಗ್ರೀಕ್ ರಾಜ್ಯವು ಒಂದೊಂದು ಕೇರಿಯಲ್ಲಿ ಒಂದೊಂದು ಉತ್ತರ ಕೊಟ್ಟದ್ದರಿಂದಲೇ ಇವುಗಳ ದಾರಿ ಬೇರೆಯಾಯಿತೆಂದು ನಾನು ಭಾವಿಸುತ್ತೇನೆ. 1834ರಲ್ಲಿ ಅಥೆನ್ಸ್ ರಾಜಧಾನಿಯಾಯಿತು. ಅದಕ್ಕೂ ಮೊದಲೇ, 1833ರಲ್ಲಿ, ನಕ್ಷೆ ಸಿದ್ಧಪಡಿಸಿದ್ದ ಕ್ಲೆಯಾಂಥಿಸ್ ಮತ್ತು ಶೌಬರ್ಟ್ ಎಂಬ ವಾಸ್ತುಶಿಲ್ಪಿಗಳು ಗುಡ್ಡದ ಉತ್ತರದ ಇಳಿಜಾರನ್ನು ಉತ್ಖನನಕ್ಕೆ ಮೀಸಲಿಟ್ಟು, ಅದರಾಚೆಗೆ ಹೊಸ ನಗರವನ್ನು ಕಟ್ಟಬೇಕೆಂದು ಸೂಚಿಸಿದ್ದರು. ಆದರೆ ಅಷ್ಟೊಂದು ಮನೆಗಳಿಗೆ ಪರಿಹಾರ ಕೊಡುವ ಶಕ್ತಿ ಆ ಬಡ ರಾಜ್ಯಕ್ಕೆ ಇರಲಿಲ್ಲ.

ಆ ಉತ್ತರದ ಇಳಿಜಾರಿನಲ್ಲಿದ್ದ ಪ್ಲಾಕಾ ಉಳಿದದ್ದು ಹೀಗೆ. ಅಲ್ಲಿದ್ದ ಕ್ಲೆಯಾಂಥಿಸ್‌ರ ಸ್ವಂತ ಮನೆಯಲ್ಲೇ 1837ರಲ್ಲಿ ದೇಶದ ಮೊದಲ ವಿಶ್ವವಿದ್ಯಾಲಯ ಆರಂಭವಾಯಿತು. ದೊರೆ ಒಟ್ಟೋನ ಅರಮನೆ ಮೊದಲಾದ ಕಟ್ಟಡಗಳ ಕೆಲಸಕ್ಕೆಂದು ಅನಾಫಿ ದ್ವೀಪದಿಂದ ಬಂದ ಕಲ್ಲುಕುಟಿಗರು, ಪ್ಲಾಕಾದ ಮೇಲ್ಭಾಗದಲ್ಲಿ, ಬಂಡೆಯ ಅಂಚಿನಲ್ಲಿ, ತಮ್ಮ ಊರಿನ ಮಾದರಿಯಲ್ಲೇ ಸುಣ್ಣ ಬಳಿದ ಪುಟ್ಟ ಮನೆಗಳನ್ನು ಕಟ್ಟಿಕೊಂಡರು. ಅನಾಫಿಯೋಟಿಕಾ ಎಂದು ಇಂದು ಪ್ರವಾಸಿಗರು ಮೆಚ್ಚಿ ನೋಡುವ ಓಣಿಗಳು ಅವೇ. ರಾಜಧಾನಿಯನ್ನು ಕಟ್ಟಿದವರ ಕೈಗೆಲಸವನ್ನು ಅರಮನೆಗಿಂತ ಹೆಚ್ಚಾಗಿ ಅಲ್ಲಿಯೇ ಕಾಣಬಹುದೆಂಬುದು ನನ್ನ ಅನಿಸಿಕೆ.

ಮೊನಾಸ್ತಿರಾಕಿಯದು ಮೊದಲಿನಿಂದಲೂ ಸಂತೆಯ ಬಾಳು. ಅದರ ಚೌಕದಲ್ಲಿ ಪಾಂತಾನಾಸ್ಸಾ ಚರ್ಚು ಮತ್ತು 1759ರ ತ್ಸಿಸ್ತಾರಾಕಿಸ್ ಮಸೀದಿ ಹತ್ತಿರ ಹತ್ತಿರದಲ್ಲೇ ನಿಂತಿವೆ. 1884ರ ಬೆಂಕಿಯಲ್ಲಿ ಹಳೆಯ ಬಜಾರು ಸುಟ್ಟುಹೋದ ಮೇಲೆ, ರೋಮನ್ ಸಾಮ್ರಾಟ ಹೇಡ್ರಿಯನ್ ಕಟ್ಟಿಸಿದ್ದ ಗ್ರಂಥಾಲಯದ ಅವಶೇಷಗಳ ಅಗೆತಕ್ಕೆ ಅನುಕೂಲವಾಯಿತು. ಮುಂದಿನ ದಶಕದಲ್ಲಿ ರೈಲು ಹಳಿಯೂ ಇದೇ ದಾರಿಯಲ್ಲಿ ಬಂದಿತು.

ಎರ್ಮು ರಸ್ತೆಯ ಉತ್ತರಕ್ಕಿರುವ ಪ್ಸಿರಿಯನ್ನು ಯಾರೂ ಅಗೆಯಲು ಹೊರಡಲಿಲ್ಲ, ಅಲಂಕರಿಸಲೂ ಇಲ್ಲ. 1809–10ರಲ್ಲಿ ಕವಿ ಬೈರನ್ ತಂಗಿದ್ದ ಈ ಕೇರಿ ಮುಂದೆ ಚರ್ಮ, ಲೋಹ ಮತ್ತು ಪಾದರಕ್ಷೆಯ ಕುಶಲಕರ್ಮಿಗಳ ನೆಲೆಯಾಯಿತು. ಕುತ್ಸಾವಾಕಿಗಳೆಂಬ ಪುಂಡರ ಬೀಡೆಂದೂ ಹೆಸರಾಯಿತು. 1890ರ ದಶಕದಲ್ಲಿ ಪೊಲೀಸ್ ಮುಖ್ಯಸ್ಥ ಬೈರಾಕ್ತಾರಿಸ್ ಈ ಪುಂಡರ ಮೀಸೆ ಕತ್ತರಿಸಿ ಹತೋಟಿಗೆ ತಂದರೆಂದು ಹೇಳುತ್ತಾರೆ. ಕೆಲಸದ ಮನೆಗಳ ನಡುವೆ ಊಟದ ಮನೆಗಳು ಹೆಚ್ಚಿದ್ದು 1990ರ ದಶಕದಿಂದೀಚೆಗೆ.

ನೀವು ಕೇಳದಿದ್ದರೂ ನಾಲ್ಕನೆಯ ಕೇರಿಯೊಂದನ್ನು ಹೇಳಲೇಬೇಕು. ಮೊನಾಸ್ತಿರಾಕಿಗೆ ತಾಗಿದ್ದ ವ್ರಿಸಾಕಿಯ ನೂರಾರು ಮನೆಗಳನ್ನು, ಪ್ರಾಚೀನ ನಗರದ ಸಂತೆ-ಸಭೆಗಳ ಬಯಲಾದ ಅಗೋರಾವನ್ನು ಹೊರತೆಗೆಯುವುದಕ್ಕಾಗಿ 1931ರಿಂದ ಅಮೆರಿಕನ್ ಪುರಾತತ್ತ್ವ ಶಾಲೆಯ ಉತ್ಖನನದಲ್ಲಿ ಕೆಡವಲಾಯಿತು. ಸಾಕ್ರಟೀಸ್ ನಡೆದಾಡಿದ ನೆಲ ನಮಗೆ ದೊರೆತದ್ದು ಆ ಕುಟುಂಬಗಳು ಮನೆ ಬಿಟ್ಟದ್ದರಿಂದ. ಆ ಉತ್ಖನನದ ಬೆಲೆಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕುಟುಂಬಗಳನ್ನು ಮರೆತು ಅಗೋರಾದ ಕಥೆಯನ್ನು ಹೇಳುವುದು ನ್ಯಾಯವಲ್ಲ. ಅಲ್ಲಿಗೆ ಹೋದಾಗ, ಸುಮಾರು ಸಾವಿರ ವರ್ಷ ಹಳೆಯದಾದ ಪವಿತ್ರ ಅಪೊಸ್ತಲರ ಚರ್ಚನ್ನು ತಪ್ಪದೆ ನೋಡಿ. ವ್ರಿಸಾಕಿಯವರ ಬದುಕಿಗೆ ಸೇರಿದ್ದ, ಕೆಡವದೆ ಉಳಿಸಿದ ಕಟ್ಟಡ ಅದು.