ಗರ್ಭಕೋಶ ತೆಗೆದ ಮೇಲೂ ಅಂಗಾಂಶದ ಪ್ರೋಟೀನ್ ಪರೀಕ್ಷೆ ಬೇಕೇ?

ತಾಯಿಯವರ ಗರ್ಭಕೋಶದ ಒಳಪದರದ ಕ್ಯಾನ್ಸರ್ ಮೊದಲ ಹಂತದಲ್ಲೇ ಸಿಕ್ಕಿ, ಶಸ್ತ್ರಚಿಕಿತ್ಸೆಯೂ ಮುಗಿದಿರುವಾಗ ಪ್ರೋಟೀನ್ ಪರೀಕ್ಷೆಗೆ ಮತ್ತೆ ಹಣ ಹಾಕಬೇಕೇ ಎಂದು ಕೇಳಿದ್ದೀರಿ. ಅಕ್ಕನ ವಿಷಯದಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಬೇಡವೆಂದವನು ನಾನು. ಕಾಯಿಲೆ ಬಂದ ಅಂಗವೇ ಹೋಗಿದೆ, ಇನ್ನು ಅದರ ತುಣುಕನ್ನು ಪರೀಕ್ಷಿಸಿ ಏನಾಗಬೇಕು ಎಂಬುದು ನನ್ನ ವಾದ.

ಆ ವಾದ ಎಲ್ಲಿ ಮುರಿದುಬಿತ್ತು ಎಂದು ಬಿಡಿಸಿ ಹೇಳಲೇಬೇಕು. ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6 ಎಂಬ ನಾಲ್ಕು ಪ್ರೋಟೀನುಗಳು ಜೀವಕೋಶದ ಕರಡು ತಿದ್ದುವವರು. ಡಿಎನ್‌ಎ ನಕಲಾಗುವಾಗ ನುಸುಳುವ ತಪ್ಪುಗಳನ್ನು ಸರಿಪಡಿಸುತ್ತವೆ. ಇವು ಇಲ್ಲವಾದರೆ ತಪ್ಪುಗಳು ಪೇರುತ್ತಾ ಹೋಗಿ ಕ್ಯಾನ್ಸರ್ ಹುಟ್ಟಬಹುದು. ಹೆಚ್ಚಿನವರಲ್ಲಿ ಈ ನಷ್ಟ ಗೆಡ್ಡೆಯೊಳಗೆ ಮಾತ್ರ ಆಗಿರುತ್ತದೆ. ಕೆಲವರಲ್ಲಿ ಮಾತ್ರ ದೋಷ ಹುಟ್ಟಿನಿಂದಲೇ ಇರುತ್ತದೆ. ಅದೇ ಲಿಂಚ್ ಸಿಂಡ್ರೋಮ್. ಅದಿದ್ದರೆ ದೊಡ್ಡ ಕರುಳಿಗೂ ಅಪಾಯ. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಅದು ಬರುವ ಸಾಧ್ಯತೆ ಶೇ. 50. ಅಂದರೆ ನಾನು ಬೇಡವೆಂದ ಪರೀಕ್ಷೆ ಅಕ್ಕನೊಬ್ಬಳದಾಗಿರಲಿಲ್ಲ, ನಮ್ಮೆಲ್ಲರದಾಗಿತ್ತು.

ಮುಂದೆ ತಮ್ಮನಿಗೆ ಮಲದಲ್ಲಿ ರಕ್ತ ಕಾಣಿಸಿತು. ಮೂಲವ್ಯಾಧಿಯೆಂದು ಔಷಧಿ ತೆಗೆದುಕೊಳ್ಳುತ್ತಾ ಕುಳಿತ. ಕೊಲೊನೋಸ್ಕೋಪಿ ಮಾಡಿಸುವ ಹೊತ್ತಿಗೆ ಕರುಳಿನ ಕ್ಯಾನ್ಸರ್ ದುಗ್ಧಗ್ರಂಥಿಗಳಿಗೆ ಹಬ್ಬಿತ್ತು. ಮನೆಯಲ್ಲಿ ಇನ್ನು ಯಾರಿಗೆ ಕ್ಯಾನ್ಸರ್ ಬಂದಿತ್ತೆಂದು ವೈದ್ಯರು ಕೇಳಿದಾಗಲೇ ಅಕ್ಕನ ಗೆಡ್ಡೆಯ ತುಣುಕನ್ನು ಮೇಣದಲ್ಲಿ ಕಾಪಾಡಿಟ್ಟಿದ್ದ ಹಳೆಯ ಪ್ಯಾರಾಫಿನ್ ಬ್ಲಾಕ್ ತರಿಸಿದ್ದು. ಪ್ಯಾಥಾಲಜಿಸ್ಟ್ ನನಗೂ ಸ್ಲೈಡ್ ತೋರಿಸಿದರು. ಸುತ್ತಲಿನ ಸಹಜ ಕೋಶಗಳ ಕೇಂದ್ರಗಳು ಕಂದು ಬಣ್ಣ ಹಿಡಿದಿದ್ದವು, ಅಂದರೆ ಅಲ್ಲಿ ಪ್ರೋಟೀನ್ ಇತ್ತು. ಕ್ಯಾನ್ಸರ್ ಕೋಶಗಳಲ್ಲಿ ಬರೀ ತೆಳು ನೀಲಿ. ಎಂಎಸ್‌ಎಚ್2 ಇರಲಿಲ್ಲ, ಅದಿಲ್ಲದೆ ಎಂಎಸ್‌ಎಚ್6 ಉಳಿಯದ ಕಾರಣ ಅದೂ ಇರಲಿಲ್ಲ. ರಕ್ತಪರೀಕ್ಷೆಯಲ್ಲಿ ಲಿಂಚ್ ಖಚಿತವಾಯಿತು.

ಹಾಗಾಗಿ, ಶಸ್ತ್ರಚಿಕಿತ್ಸೆ ಮುಗಿದಿದೆ ಎಂಬ ಕಡೆಯಿಂದ ನೀವು ಲೆಕ್ಕ ಹಾಕುತ್ತಿರುವುದೇ ಸರಿಯಲ್ಲ. ಯಾವುದಾದರೂ ಒಂದು ಮಾರ್ಕರ್, ಅಂದರೆ ಒಂದೇ ಪ್ರೋಟೀನ್ ಪರೀಕ್ಷಿಸಿದರೆ ಸಾಕೇ ಎಂದೂ ಕೇಳಿದ್ದೀರಿ. ಸಾಲದು. ಆ ನಾಲ್ಕರ ಜೊತೆಗೆ, ಕೋಶಗಳು ಹದ್ದುಮೀರಿ ಬೆಳೆಯದಂತೆ ತಡೆಯುವ ಪಿ53 ಎಂಬ ಪ್ರೋಟೀನಿನ ಪರೀಕ್ಷೆಯನ್ನೂ ಮಾಡಿಸಿ. ಪಿ53 ಬಣ್ಣ ವಿಪರೀತ ಗಾಢವಾಗಿ ಕಂಡರೂ ಅಸಹಜ, ಒಂದಿಷ್ಟೂ ಕಾಣದಿದ್ದರೂ ಅಸಹಜ. ಅಂಥ ಗೆಡ್ಡೆ ಉಗ್ರವಾಗಿ ವರ್ತಿಸುವ ಸಂಭವ ಹೆಚ್ಚು. ಸ್ತ್ರೀರೋಗ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಗೋದ 2023ರ ವರ್ಗೀಕರಣವು ಇದನ್ನು ರೋಗದ ಹಂತ ನಿರ್ಧರಿಸುವಲ್ಲೇ ಸೇರಿಸಿಕೊಂಡಿದೆ. ಮೊದಲ ಹಂತವೆಂಬ ಮಾತು ಕೇಳಿ ನಿರಾಳರಾಗಿರುವ ನಿಮಗೆ ಇದು ಗೊತ್ತಿರಬೇಕು.

ಎಂಎಲ್‌ಎಚ್1 ಕಾಣೆಯಾಗಿದೆ ಎಂದು ಬಂದರೆ ತಕ್ಷಣ ಹೆದರಬೇಡಿ. ಅದೇ ಬ್ಲಾಕಿನ ಮೇಲೆ ಮೊದಲು ಮೆಥಿಲೇಷನ್ ಪರೀಕ್ಷೆ ಮಾಡಿಸಿ; ಆ ಜೀನ್ ಹುಟ್ಟಿನ ದೋಷವಿಲ್ಲದೆ ಗೆಡ್ಡೆಯೊಳಗೆ ಮಾತ್ರ ರಾಸಾಯನಿಕವಾಗಿ ಮುಚ್ಚಿಹೋಗಿರಬಹುದೇ ಎಂದು ಅದು ನೋಡುತ್ತದೆ. ಎಂಎಸ್‌ಎಚ್2 ಅಥವಾ ಎಂಎಸ್‌ಎಚ್6 ಕಾಣೆಯಾಗಿದ್ದರೆ ನೇರವಾಗಿ ಜೆನೆಟಿಕ್ ಕೌನ್ಸೆಲರ್ ಬಳಿಗೆ ಹೋಗಿ, ಒಡಹುಟ್ಟಿದವರನ್ನೂ ಕರೆದುಕೊಂಡು. ನಾಳೆಯೇ ಪ್ರಯೋಗಾಲಯಕ್ಕೆ ಫೋನ್ ಮಾಡಿ, ತಾಯಿಯವರ ವರದಿಯ ಮೇಲಿರುವ ಬ್ಲಾಕ್ ಸಂಖ್ಯೆ ಹೇಳಿ, ಅದು ಇನ್ನೂ ಅವರ ಬಳಿ ಇದೆಯೇ ಎಂದು ಕೇಳಿ.