ಮಾರ್ಚ್ ರಜೆಗೆ ಕೆಂಪು ಕಣಿವೆಗಳ ಸೀಮೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಪ್ರಿಂಗ್ ಬ್ರೇಕ್ ಹತ್ರ ಬಂತು ಅಂದ್ರೆ ಅಮೆರಿಕದಲ್ಲಿರೋ ಓದುಗರಿಂದ ಯೂಟಾ, ಅರಿಜೋನಾ ಕಡೆ ಟ್ರಿಪ್ ಬಗ್ಗೆ ಪತ್ರ ಬರೋಕೆ ಶುರುವಾಗುತ್ತೆ. ಅದರಲ್ಲಿ ಬೇರೆಯವರಿಗೂ ಉಪಯೋಗ ಆಗೋಂಥ ಕೆಲವನ್ನ ಇಲ್ಲಿ ಆರಿಸ್ಕೊಂಡಿದೀನಿ.

ಪ್ರಶ್ನೆ: ಮಾರ್ಚ್ ಮೂರನೇ ವಾರ ಮಕ್ಕಳಿಗೆ ರಜೆ, ದೊಡ್ಡವನಿಗೆ 11, ಚಿಕ್ಕವಳಿಗೆ 6. ಲಾಸ್ ವೇಗಸ್‌ಗೆ ಫ್ಲೈಟ್ ಬುಕ್ ಮಾಡಾಯ್ತು, ಕೈಯಲ್ಲಿ ಏಳು ದಿನ ಇದೆ. ಝಯಾನ್, ಬ್ರೈಸ್, ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಮಾನ್ಯುಮೆಂಟ್ ವ್ಯಾಲಿ, ಗ್ರ್ಯಾಂಡ್ ಕ್ಯಾನ್ಯನ್ ಎಲ್ಲಾ ನೋಡ್ಕೊಂಡು ಬರ್ಬೋದಾ? ಮರುಭೂಮಿ ಅಲ್ವಾ, ಸ್ವೆಟರ್ ಎಲ್ಲ ಬೇಕಾಗಲ್ಲ ಅನ್ಕೊಂಡಿದೀವಿ.
— ಇಬ್ಬರು ಮಕ್ಕಳ ತಾಯಿ, ಡಲ್ಲಾಸ್

ಉತ್ತರ: ಮೊದಲು ಸ್ವೆಟರ್ ವಿಷಯ ಹೇಳ್ಬಿಡ್ತೀನಿ ಮೇಡಂ, ಯಾಕಂದ್ರೆ ಇಡೀ ಪ್ಲಾನ್ ನಿಂತಿರೋದೇ ಅದರ ಮೇಲೆ. ಈ ಪಾರ್ಕ್‌ಗಳೆಲ್ಲ ಇರೋದು ಕೊಲೊರಾಡೋ ಪ್ರಸ್ಥಭೂಮಿ ಸೀಮೆಯಲ್ಲಿ, ಅಲ್ಲಿ ಮಾರ್ಚಲ್ಲಿ ಚಳಿಗಾಲ ಮುಗಿದಿದೆಯೋ ಇಲ್ವೋ ಅನ್ನೋದು ನೀವು ಎಷ್ಟು ಎತ್ತರದಲ್ಲಿ ನಿಂತಿದೀರ ಅನ್ನೋದರ ಮೇಲೆ ಹೋಗುತ್ತೆ. ಲಾಸ್ ವೇಗಸ್ ಇರೋದು ಸುಮಾರು 2,000 ಅಡಿ, ಝಯಾನ್ ಕಣಿವೆಯ ತಳ 4,000 ಅಡಿ, ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್ ಅಂದ್ರೆ ದಕ್ಷಿಣದ ಅಂಚು 7,000 ಅಡಿ, ಬ್ರೈಸ್ ಅಂಚು 8,000ದಿಂದ 9,000 ಅಡಿ. ಸಾವಿರ ಅಡಿ ಏರಿದ್ರೆ ಹೆಚ್ಚುಕಮ್ಮಿ 3ರಿಂದ 5 ಡಿಗ್ರಿ ಫ್ಯಾರನ್‌ಹೀಟ್ ಕಮ್ಮಿ ಆಗುತ್ತೆ. ಅಂದ್ರೆ ಬೆಳಿಗ್ಗೆ ಝಯಾನ್‌ನಲ್ಲಿ ಟೀ ಶರ್ಟಲ್ಲಿ ಓಡಾಡಿದ ಮಕ್ಕಳು ಸಂಜೆ ಬ್ರೈಸ್‌ನಲ್ಲಿ ಹಿಮದ ಮೇಲೆ ನಿಂತಿರ್ತಾರೆ, ಎರಡು ಗಂಟೆ ಡ್ರೈವ್ ಅಷ್ಟೇ ಮಧ್ಯೆ. ಹಾಗಾಗಿ ದಪ್ಪ ಜಾಕೆಟ್, ಟೋಪಿ, ಗ್ಲೌಸ್ ಎಲ್ಲ ಬೇಕೇಬೇಕು, ಜೊತೆಗೆ ಶೂಗೆ ಸಿಕ್ಕಿಸ್ಕೊಳೋ ಮೈಕ್ರೋಸ್ಪೈಕ್ಸ್ ಇದ್ರೆ ಒಳ್ಳೇದು, ಯಾಕಂದ್ರೆ ಮಾರ್ಚಲ್ಲಿ ನೆರಳಿರೋ ಕಡೆ ಟ್ರೇಲ್ ಮೇಲೆ ಮಂಜುಗಡ್ಡೆ ಗಟ್ಟಿಯಾಗಿ ಕೂತಿರುತ್ತೆ.

ಇನ್ನು ನಿಮ್ಮ ಲಿಸ್ಟು. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಎರಡನ್ನೂ ಈ ಸಲ ಬಿಡಿ ಅಂತ ಕಳಕಳಿಯಿಂದ ಹೇಳ್ತಿದೀನಿ. ಅವು ಇರೋದು ಮೋಆಬ್ ಹತ್ರ, ಝಯಾನ್‌ನಿಂದ ಐದು ಗಂಟೆ ದಾರಿ, ಅದನ್ನೂ ತುರುಕಿದ್ರೆ ಆರು ವರ್ಷದ ಮಗು ರಜೆಯೆಲ್ಲಾ ಕಾರ್ ಸೀಟಲ್ಲೇ ಕಳೆಯುತ್ತೆ. ಮಾನ್ಯುಮೆಂಟ್ ವ್ಯಾಲಿನೂ ಅವುಗಳ ಜೊತೆ ಮುಂದಿನ ಟ್ರಿಪ್‌ಗೆ ಇಟ್ಕೊಳಿ. ಲಾಸ್ ವೇಗಸ್‌ನಿಂದ ಝಯಾನ್ 160 ಮೈಲಿ, ಅಲ್ಲಿ ಎರಡು ರಾತ್ರಿ. ಆಮೇಲೆ ಬ್ರೈಸ್ ಒಂದು ರಾತ್ರಿ, ದಾರಿಯಲ್ಲಿ ಸಿಗೋ ಪೇಜ್ ಅನ್ನೋ ಊರಲ್ಲಿ ಒಂದು ರಾತ್ರಿ, ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್ ಎರಡು ರಾತ್ರಿ, ಅಲ್ಲಿಂದ ವಾಪಸ್ ವೇಗಸ್‌ಗೆ 280 ಮೈಲಿ, ಇದೊಂದೇ ದಿನ ಸ್ವಲ್ಪ ಉದ್ದ ಅನ್ಸುತ್ತೆ. ಉಳಿದ ದಿನ ಯಾವತ್ತೂ ಮೂರು ಗಂಟೆಗಿಂತ ಜಾಸ್ತಿ ಡ್ರೈವ್ ಇರಲ್ಲ.

ಝಯಾನ್‌ನಲ್ಲಿ ಶಟಲ್ ಓಡೋ ಸೀಸನ್ ಶುರುವಾಗಿದ್ರೆ ಒಳಗಿನ ಸೀನಿಕ್ ಡ್ರೈವ್‌ಗೆ ಸ್ವಂತ ಕಾರ್ ಬಿಡಲ್ಲ, ಶಟಲ್ ಫ್ರೀ. ಆದ್ರೆ ಪಾರ್ಕಿಂಗ್ ಬೆಳಿಗ್ಗೆ ಬೇಗ ತುಂಬೋಗುತ್ತೆ, ಅದಕ್ಕೇ ಗೇಟ್ ಹೊರಗಿನ ಸ್ಪ್ರಿಂಗ್‌ಡೇಲ್ ಊರಲ್ಲಿ ರೂಮ್ ಮಾಡ್ಕೊಂಡು ಕಾರ್ ಅಲ್ಲೇ ಬಿಟ್ಟು ಊರಿನ ಶಟಲ್ ಹಿಡ್ಕೊಂಡು ಹೋಗಿ. ಬ್ರೈಸ್‌ನಲ್ಲಿ ಕ್ವೀನ್ಸ್ ಗಾರ್ಡನ್ ಟ್ರೇಲಲ್ಲಿ ಇಳಿದು ನವಾಹೋ ಲೂಪ್ ಟ್ರೇಲಲ್ಲಿ ಹತ್ತಿ ಬರೋದು ಮಕ್ಕಳಿಗೆ ತುಂಬಾ ಇಷ್ಟ ಆಗುತ್ತೆ. ಅದರ ವಾಲ್ ಸ್ಟ್ರೀಟ್ ಅನ್ನೋ ಇಕ್ಕಟ್ಟಾದ ಕಡೆ ಚಳಿಗಾಲ ಪೂರ್ತಿ ಮುಚ್ಚಿರ್ತಾರೆ, ಮಾರ್ಚಲ್ಲಿ ಅದು ಸಿಗುತ್ತೆ ಅಂತ ನಂಬ್ಕೋಬೇಡಿ, ಇನ್ನೊಂದು ಕಡೆಯಿಂದ ಹತ್ತಿ. ಅಲ್ಲಿನ ಕಂಬ ಕಂಬ ಬಂಡೆಗಳಿಗೆ ಹೂಡೂ ಅಂತಾರೆ. ಹಗಲು ಕರಗಿದ ಹಿಮದ ನೀರು ಬಿರುಕಿಗೆ ಇಳಿದು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತಲ್ಲ, ಹಾಗೇ ವರ್ಷ ವರ್ಷ ಬಂಡೆ ಒಡೀತಾ ಒಡೀತಾ ಆಗಿರೋ ಆಕಾರ ಅದು, ಮಾರ್ಚಲ್ಲಿ ಹೋದ್ರೆ ಆ ಕೆಲಸ ನಡೀತಿರೋವಾಗ್ಲೇ ಹೋದಂಗೆ, ಮಕ್ಕಳಿಗೆ ಇದನ್ನ ಅಲ್ಲೇ ನಿಲ್ಲಿಸಿ ತೋರಿಸಿ.

ಒಂದು ಎಚ್ಚರಿಕೆ. ಮ್ಯಾಪಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ವೆಸ್ಟ್ ಅಂತ ಬಂದ್ರೆ ಅದು ಗಾಜಿನ ಸ್ಕೈವಾಕ್ ಇರೋ ಹುವಾಲಪೈ ಬುಡಕಟ್ಟಿನವರ ಜಾಗ, ನ್ಯಾಷನಲ್ ಪಾರ್ಕ್ ಅಲ್ಲ, ಟಿಕೆಟ್ ಬೇರೆ, ಸೌತ್ ರಿಮ್‌ನಿಂದ ನಾಲ್ಕು ಗಂಟೆ ದೂರ. ಇನ್ನು ನಾರ್ತ್ ರಿಮ್ ರಸ್ತೆ ಚಳಿಗಾಲದಲ್ಲಿ ಮುಚ್ಚಿ ಸಾಮಾನ್ಯವಾಗಿ ಮೇ ಮಧ್ಯಕ್ಕೆ ತೆಗೀತಾರೆ, ಅದೂ 2025ರ ಬೆಂಕಿಯಲ್ಲಿ ಅಲ್ಲಿನ ಹಳೇ ಲಾಡ್ಜ್ ಸುಟ್ಟುಹೋಗಿದೆ. ಹೋಟೆಲ್ ಬುಕ್ ಮಾಡೋವಾಗ ಸೌತ್ ರಿಮ್ ಅಂತ ಎರಡು ಸಲ ನೋಡ್ಕೊಳಿ. ಪಾರ್ಕ್ ಒಳಗಿನ ರೂಮು ಒಂದು ವರ್ಷ ಮುಂಚೇನೇ ಹೋಗಿರ್ತಾವೆ, ಸಿಗದಿದ್ರೆ ಗೇಟ್ ಹೊರಗೇ ಇರೋ ಟುಸಾಯನ್ ಸಾಕು.

ಪ್ರಶ್ನೆ: ಅಪ್ಪ ಅಮ್ಮ ಊರಿಂದ ಬಂದಿದಾರೆ, ಇಬ್ಬರಿಗೂ 70 ದಾಟಿದೆ. ಅಮ್ಮನಿಗೆ ಮಂಡಿ ನೋವು, ಅಪ್ಪನಿಗೆ ಬಿಪಿ. ಗ್ರ್ಯಾಂಡ್ ಕ್ಯಾನ್ಯನ್ ಅಂದ್ರೆ ಇಳಿಯೋದು ಹತ್ತೋದೇ ಅಲ್ವಾ, ಕರ್ಕೊಂಡು ಹೋಗೋದು ಸರಿನಾ?
— ಫೀನಿಕ್ಸ್‌ನಿಂದ ಒಬ್ಬ ಓದುಗರು

ಉತ್ತರ: ದಯವಿಟ್ಟು ಕರ್ಕೊಂಡು ಹೋಗಿ. ಸೌತ್ ರಿಮ್ ಒಂದು ಮೆಟ್ಟಿಲೂ ಇಳೀದೆ ಮನಸ್ಸು ತುಂಬೋ ಹಾಗೆ ನೋಡ್ಬೋದಾದ ಜಾಗ. ಅಂಚಿನುದ್ದಕ್ಕೂ ರಿಮ್ ಟ್ರೇಲ್ ಇದೆ, ಅದರಲ್ಲಿ ಯವಪೈ ಮ್ಯೂಸಿಯಂನಿಂದ ಹೋಟೆಲ್‌ಗಳಿರೋ ವಿಲೇಜ್ ಕಡೆಗೆ ಟ್ರೇಲ್ ಆಫ್ ಟೈಮ್ ಅಂತ ಸಮತಟ್ಟು ದಾರಿ, ವೀಲ್‌ಚೇರ್ ಕೂಡ ಹೋಗುತ್ತೆ, ಒಂದೊಂದು ಮೀಟರ್ ನಡೆದ್ರೆ ಹತ್ತು ಲಕ್ಷ ವರ್ಷ ಹಿಂದಕ್ಕೆ ಹೋದ ಲೆಕ್ಕ, ದಾರಿಯಲ್ಲಿ ಆಯಾ ಕಾಲದ ಬಂಡೆಗಳನ್ನ ಇಟ್ಟಿದಾರೆ, ಅಪ್ಪ ಮುಟ್ಟಿ ಮುಟ್ಟಿ ನೋಡ್ಬೋದು. ಹರ್ಮಿಟ್ ರೋಡಿಗೆ ಮಾರ್ಚ್ 1ರಿಂದ ನವೆಂಬರ್ ಕೊನೆವರೆಗೆ ಸ್ವಂತ ಕಾರ್ ಬಿಡಲ್ಲ, ಫ್ರೀ ಶಟಲ್ ಇದೆ. ಅಮ್ಮನಿಗೆ ಬಸ್ ಹತ್ತಿ ಇಳಿಯೋದು ಕಷ್ಟ ಅಂದ್ರೆ ವಿಸಿಟರ್ ಸೆಂಟರ್‌ನಲ್ಲಿ ಆಕ್ಸೆಸಿಬಿಲಿಟಿ ಪರ್ಮಿಟ್ ಕೇಳಿ, ಅದಿದ್ರೆ ಕಾರಲ್ಲೇ ಬಿಡ್ತಾರೆ, ಈ ಸೌಲಭ್ಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಇನ್ನೊಂದು ಕಡೆ ಡೆಸರ್ಟ್ ವ್ಯೂ ಡ್ರೈವ್‌ಗೆ ಕಾರ್ ತಗೊಂಡೇ ಹೋಗ್ಬೋದು, ಅದರ ಕೊನೇಲಿ ಮೇರಿ ಕೋಲ್ಟರ್ ಡಿಸೈನ್ ಮಾಡಿದ 1932ರ ಕಲ್ಲಿನ ಗೋಪುರ ಇದೆ, ಅಲ್ಲಿಂದ ಕೊಲೊರಾಡೋ ನದಿ ಚೆನ್ನಾಗಿ ಕಾಣುತ್ತೆ.

ಅಪ್ಪ ಅಮ್ಮನಿಗೆ ಹೇಳಲೇಬೇಕಾದ್ದು ಒಂದಿದೆ. ಆ ಕಣಿವೆ ಒಳಗಿನ ಶಿಖರಗಳಿಗೆ ವಿಷ್ಣು ಟೆಂಪಲ್, ಶಿವ ಟೆಂಪಲ್, ಬ್ರಹ್ಮ ಟೆಂಪಲ್ ಅಂತ ಹೆಸರಿದೆ. ದೇವಸ್ಥಾನ ಏನೂ ಇಲ್ಲ, 19ನೇ ಶತಮಾನದಲ್ಲಿ ಕ್ಲಾರೆನ್ಸ್ ಡಟನ್ ಅನ್ನೋ ಭೂವಿಜ್ಞಾನಿ ಆ ಬಂಡೆಗಳ ಗೋಪುರದಂಥ ರೂಪ ನೋಡಿ ಇಂಥ ಹೆಸರಿಡೋ ರೂಢಿ ಶುರು ಮಾಡಿದ್ದು. ಕಣಿವೆಯ ತಳದಲ್ಲಿರೋ, ಸುಮಾರು 170 ಕೋಟಿ ವರ್ಷ ಹಳೇ ಕಪ್ಪು ಕಲ್ಲಿನ ಹೆಸರೂ ವಿಷ್ಣು ಶಿಸ್ಟ್. ರೇಂಜರ್ ಹತ್ರ ಕೇಳಿದ್ರೆ ಯಾವ ಶಿಖರ ಯಾವ್ದು ಅಂತ ಬೆರಳು ಮಾಡಿ ತೋರಿಸ್ತಾರೆ.

ಬಿಪಿ ಬಗ್ಗೆ: 7,000 ಅಡಿ ಅಂದ್ರೆ ಸ್ವಲ್ಪ ನಡೆದ್ರೂ ಏದುಸಿರು ಬರ್ಬೋದು, ಹೊರಡೋ ಮುಂಚೆ ಅವರ ಡಾಕ್ಟರ್ ಹತ್ರ ಒಂದು ಮಾತು ಕೇಳಿ, ಮೊದಲನೇ ದಿನ ಕಮ್ಮಿ ನಡೀರಿ, ನೀರು ಕುಡಿಸ್ತಾ ಇರಿ. ಅಂಚಿನಲ್ಲಿ ಎಲ್ಲಾ ಕಡೆ ಕಂಬಿ ಇರಲ್ಲ ಅನ್ನೋದೂ ನೆನಪಿರಲಿ.

ಪ್ರಶ್ನೆ: ನಮ್ಮ ಮಗನಿಗೆ 15 ವರ್ಷ, ವಿಡಿಯೋ ನೋಡಿ ನೋಡಿ ಏಂಜಲ್ಸ್ ಲ್ಯಾಂಡಿಂಗ್, ನ್ಯಾರೋಸ್, ಆಂಟಿಲೋಪ್ ಕ್ಯಾನ್ಯನ್ ಮೂರೂ ಬೇಕು ಅಂತ ಹಠ ಹಿಡಿದಿದಾನೆ. ನಂಗೆ ಭಯ. ಏಪ್ರಿಲ್ ಮೊದಲ ವಾರ ಹೋಗ್ತಿದೀವಿ.
— ಸಿಯಾಟಲ್‌ನಿಂದ ಒಬ್ಬ ತಂದೆ

ಉತ್ತರ: ಏಂಜಲ್ಸ್ ಲ್ಯಾಂಡಿಂಗ್ ಅನ್ನೋದು ಝಯಾನ್‌ನ ಕಡಿದಾದ ಬಂಡೆ ಶಿಖರ, ಅದಕ್ಕೆ 2022ರ ಏಪ್ರಿಲ್‌ನಿಂದ ಪರ್ಮಿಟ್ ಕಡ್ಡಾಯ, ಲಾಟರಿ ಹಾಕ್ಬೇಕು. ಸೀಸನ್‌ಗೆ ಮುಂಚೆ ಒಂದು ಲಾಟರಿ, ಹೋಗೋ ಹಿಂದಿನ ದಿನ ಇನ್ನೊಂದು, ಎರಡೂ ರಿಕ್ರಿಯೇಷನ್ ಡಾಟ್ ಗವ್ ಸೈಟಲ್ಲಿ. ಸಿಗದಿದ್ರೆ ಸ್ಕೌಟ್ ಲುಕೌಟ್‌ವರೆಗೆ ಪರ್ಮಿಟ್ ಇಲ್ಲದೇನೇ ಹತ್ಬೋದು, ಹತ್ತೋದೇನೂ ಕಮ್ಮಿ ಇಲ್ಲ, ನೋಟ ಅದ್ಭುತ, ಸರಪಳಿ ಹಿಡ್ಕೊಂಡು ಹೋಗೋ ಭಯಂಕರ ಅಂಚು ಶುರುವಾಗೋದು ಅಲ್ಲಿಂದ ಮುಂದೆ. ನಿಮಗೆ ಭಯ ಇದೆ ಅಂತಿದೀರ, ಹಾಗಿದ್ರೆ ಸ್ಕೌಟ್ ಲುಕೌಟ್‌ಗೇ ನಿಲ್ಲಿಸಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ, ಆ ಅಂಚಿನ ಮೇಲೆ ಅರ್ಧ ದಾರೀಲಿ ಮನಸ್ಸು ಬದಲಾಯಿಸೋದು ತುಂಬಾ ಕಷ್ಟ.

ನ್ಯಾರೋಸ್ ಅಂದ್ರೆ ಝಯಾನ್‌ನ ಇಕ್ಕಟ್ಟಾದ ಕಣಿವೆಯೊಳಗೆ ವರ್ಜಿನ್ ನದಿಯ ನೀರಲ್ಲೇ ನಡ್ಕೊಂಡು ಹೋಗೋದು. ಏಪ್ರಿಲ್‌ನಲ್ಲಿ ಮೇಲಿನ ಬೆಟ್ಟದ ಹಿಮ ಕರಗಿ ನದಿ ತುಂಬಿ ಬರ್ತಿರುತ್ತೆ, ಹರಿವು ಸೆಕೆಂಡಿಗೆ 150 ಘನ ಅಡಿ ದಾಟಿದ್ರೆ ಪಾರ್ಕ್‌ನವರು ಮುಚ್ತಾರೆ, ವಸಂತದಲ್ಲಿ ಎಷ್ಟೋ ವರ್ಷ ವಾರಗಟ್ಟಲೆ ಮುಚ್ಚೇ ಇರುತ್ತೆ. ಮಗನಿಗೆ ಈಗ್ಲೇ ಹೇಳಿಬಿಡಿ, ಅಲ್ಲಿ ಹೋಗಿ ಬೇಜಾರಾಗೋದು ತಪ್ಪುತ್ತೆ. ರಿವರ್‌ಸೈಡ್ ವಾಕ್ ಅಂತ ಒಂದು ಮೈಲಿ ದಾರಿ ನ್ಯಾರೋಸ್ ಬಾಗಿಲವರೆಗೂ ಕರ್ಕೊಂಡು ಹೋಗುತ್ತೆ, ಅದು ಎಲ್ಲರಿಗೂ ಆಗುತ್ತೆ.

ಆಂಟಿಲೋಪ್ ಕ್ಯಾನ್ಯನ್ ಪೇಜ್ ಹತ್ರ ಇರೋ ಸ್ಲಾಟ್ ಕಣಿವೆ, ಅಂದ್ರೆ ಬಂಡೆ ನಡುವಿನ ಇಕ್ಕಟ್ಟಾದ ಸಂದಿ, ಅದು ನವಾಹೋ ಬುಡಕಟ್ಟಿನವರ ನೆಲ, ಗೈಡ್ ಇಲ್ಲದೆ ಕಾಲಿಡೋ ಹಾಗಿಲ್ಲ, ಟೂರ್ ಮುಂಚೇನೇ ಬುಕ್ ಮಾಡ್ಬೇಕು. ಅದರಲ್ಲಿ ಅಪ್ಪರ್, ಲೋವರ್ ಅಂತ ಎರಡು ಭಾಗ, ಅಪ್ಪರ್ ಸಮತಟ್ಟು, ಲೋವರ್‌ನಲ್ಲಿ ಕಡಿದಾದ ಕಬ್ಬಿಣದ ಏಣಿಗಳಿವೆ, ಮಗನಿಗೆ ಲೋವರ್ ಹಿಡಿಸುತ್ತೆ. 1997ರ ಆಗಸ್ಟ್‌ನಲ್ಲಿ ಇದೇ ಲೋವರ್ ಕ್ಯಾನ್ಯನ್‌ಗೆ ಒಮ್ಮೆಗೇ ನೀರು ನುಗ್ಗಿ 11 ಜನ ಸತ್ತರು, ಮಳೆ ಬಿದ್ದಿದ್ದು ಅಲ್ಲಲ್ಲ, ಮೈಲಿಗಟ್ಟಲೆ ದೂರದಲ್ಲಿ. ಬರೀ ಬಂಡೆ ಇರೋ ಸೀಮೆಯಲ್ಲಿ ನೀರು ಇಂಗಲ್ಲ, ಎಲ್ಲೋ ಬಿದ್ದ ಮಳೆಯೆಲ್ಲಾ ಈ ಸಣ್ಣ ಸಂದಿಗೇ ಬಂದು ಸೇರುತ್ತೆ. ಅದಕ್ಕೇ ಗೈಡ್ ಇವತ್ತು ಬೇಡ ಅಂದ್ರೆ ತಲೆ ಮೇಲೆ ಆಕಾಶ ನೀಲಿಯಾಗಿದ್ರೂ ವಾದ ಮಾಡ್ಬೇಡಿ, ಗೈಡ್ ಇಲ್ಲದ ಬೇರೆ ಸ್ಲಾಟ್ ಕಣಿವೆಗೆ ಹೋಗೋದಾದ್ರೆ ಆ ಬೆಳಿಗ್ಗೆ ರೇಂಜರ್ ಆಫೀಸಲ್ಲಿ ಫ್ಲ್ಯಾಶ್ ಫ್ಲಡ್ ಮುನ್ಸೂಚನೆ ಕೇಳದೆ ಇಳೀಬೇಡಿ.

ಗಡಿಯಾರದ ವಿಷಯ ಬಿಟ್ಟೇ ಹೋಗ್ತಿತ್ತು. ಮಾರ್ಚ್ ಎರಡನೇ ಭಾನುವಾರ ಯೂಟಾ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತೆ, ಅರಿಜೋನಾದಲ್ಲಿ ಹೋಗಲ್ಲ, ಆದ್ರೆ ಅರಿಜೋನಾ ಒಳಗಿನ ನವಾಹೋ ಸೀಮೆಯಲ್ಲಿ ಹೋಗುತ್ತೆ. ಪೇಜ್ ಊರು ಮಾತ್ರ ಅರಿಜೋನಾ ಟೈಮಲ್ಲೇ ಇರುತ್ತೆ, ಆಂಟಿಲೋಪ್ ಟೂರ್‌ಗಳೂ ಹಾಗೇ. ಅಲ್ಲಿ ಫೋನು ಯಾವ ಟವರ್ ಹಿಡಿಯುತ್ತೋ ಆ ಟೈಮ್ ತೋರಿಸುತ್ತೆ, ಹಾಗಾಗಿ ಫೋನಲ್ಲಿ ಫೀನಿಕ್ಸ್ ಟೈಮ್ ಅಂತ ಕೈಯಾರೆ ಸೆಟ್ ಮಾಡ್ಕೊಳಿ.

ಪ್ರಶ್ನೆ: ಪಾಸ್ ಯಾವ್ದು ತಗೋಬೇಕು? ಮಗಳು ನಾಲ್ಕನೇ ಕ್ಲಾಸ್ ಓದ್ತಿದಾಳೆ. ಜೊತೆಗೆ ಇಂಡಿಯಾದಿಂದ ನಮ್ಮ ಭಾವನ ಫ್ಯಾಮಿಲಿನೂ ಬರ್ತಿದೆ, ಅವರದು ಬೇರೆ ಕಾರು.
— ನ್ಯೂಜೆರ್ಸಿ ಓದುಗರು

ಉತ್ತರ: ಇಲ್ಲೇ ವಾಸ ಇರೋರಿಗೆ ನ್ಯಾಷನಲ್ ಪಾರ್ಕ್‌ಗಳ ವರ್ಷದ ಪಾಸ್ 80 ಡಾಲರ್. ಆದ್ರೆ ನೀವು ಅದನ್ನೂ ಕೊಡ್ಬೇಕಿಲ್ಲ, ಅಮೆರಿಕದಲ್ಲಿ ನಾಲ್ಕನೇ ಕ್ಲಾಸ್ ಓದೋ ಮಕ್ಕಳಿಗೆ ಎವ್ರಿ ಕಿಡ್ ಔಟ್‌ಡೋರ್ಸ್ ಅಂತ ಫ್ರೀ ಪಾಸ್ ಇದೆ, ಆಗಸ್ಟ್ ಕೊನೆವರೆಗೆ ನಡೆಯುತ್ತೆ, ಮಗಳ ಹೆಸರಲ್ಲಿ ಆನ್‌ಲೈನ್ ವೋಚರ್ ತೆಗೆದು ಪ್ರಿಂಟ್ ತಗೊಂಡು ಹೋಗಿ, ಮಗಳು ಕಾರಲ್ಲಿರಬೇಕು ಅಷ್ಟೇ. ನಿಮ್ಮ ಭಾವನವರ ಕಾರಿನ ಲೆಕ್ಕ ಬೇರೆ. 2026ರ ಜನವರಿಯಿಂದ ಹೊರದೇಶದವರಿಗೆ ವರ್ಷದ ಪಾಸ್ 250 ಡಾಲರ್ ಆಗಿದೆ, ಪಾಸ್ ಇಲ್ದಿದ್ರೆ ಜಾಸ್ತಿ ಜನ ಬರೋ 11 ಪಾರ್ಕ್‌ಗಳಲ್ಲಿ 16 ತುಂಬಿದ ತಲೆಗೆ 100 ಡಾಲರ್ ಮಾಮೂಲಿ ಫೀಸ್ ಮೇಲೆ ಎಕ್ಸ್‌ಟ್ರಾ. ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ಹಾಗಾಗಿ ಅವರು ಪಾಸ್ ತಗೊಳೋದೇ ಲಾಭ. ಮಾನ್ಯುಮೆಂಟ್ ವ್ಯಾಲಿ, ಆಂಟಿಲೋಪ್‌ಗೆ ಈ ಯಾವ ಪಾಸೂ ನಡೆಯಲ್ಲ, ಅವು ನವಾಹೋ ನೇಷನ್‌ದು. ಪೇಜ್ ಹತ್ರದ ಹಾರ್ಸ್‌ಶೂ ಬೆಂಡ್ ಪಾರ್ಕಿಂಗ್ ಕೂಡ ಊರಿನವರದ್ದು, ಅಲ್ಲೂ ಬೇರೆ ದುಡ್ಡು.

ಪ್ರಶ್ನೆ: ಗ್ರ್ಯಾಂಡ್ ಕ್ಯಾನ್ಯನ್, ಝಯಾನ್, ಬ್ರೈಸ್ ಎಲ್ಲಾ ನೋಡಿದೀವಿ. ಈ ಸಲ ಏಪ್ರಿಲ್‌ನಲ್ಲಿ ಜನ ಜಂಗುಳಿ ಕಮ್ಮಿ ಇರೋ ಕಡೆ ಹೋಗ್ಬೇಕು. ಮಕ್ಕಳಿಗೆ 8 ಮತ್ತು 9.
— ಡೆನ್ವರ್ ದಂಪತಿ

ಉತ್ತರ: ಕ್ಯಾಪಿಟಲ್ ರೀಫ್! ಯೂಟಾದ ಈ ಪಾರ್ಕ್ ಬಗ್ಗೆ ಯಾರಾದ್ರೂ ಕೇಳ್ಲಿ ಅಂತ ಕಾಯ್ತಿದ್ದೆ. ಭೂಮಿಯ ಪದರ ನೂರು ಮೈಲಿ ಉದ್ದಕ್ಕೆ ಮಡಚ್ಕೊಂಡು ಎದ್ದಿರೋ ಜಾಗ, ಅದರ ನಡುವೆ ಫ್ರೂಟಾ ಅಂತ ಹಿಂದೆ ಮಾರ್ಮನ್ ಅನ್ನೋ ಕ್ರೈಸ್ತ ಪಂಥದ ವಲಸಿಗರು ನೆಟ್ಟ ಹಣ್ಣಿನ ತೋಟಗಳು ಇನ್ನೂ ಇವೆ, ಪಾರ್ಕ್‌ನವರೇ ನೋಡ್ಕೋತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಏಪ್ರಿಕಾಟ್, ಪೀಚ್, ಸೇಬು ಒಂದಾದ ಮೇಲೊಂದು ಹೂ ಬಿಡ್ತವೆ, ಹಿಂದೆ ಕೆಂಪು ಗೋಡೆ. ಹಳೇ ಗಿಫರ್ಡ್ ಮನೆಯಲ್ಲಿ ಹಣ್ಣಿನ ಪೈ ಮಾರ್ತಾರೆ, ಬೆಳಿಗ್ಗೇನೇ ಹೋಗಿ, ಬೇಗ ಖಾಲಿ ಆಗುತ್ತೆ. ಬ್ರೈಸ್ ಕಡೆಯಿಂದ 12ನೇ ನಂಬರ್ ರಸ್ತೆ ಹಿಡಿದು ಬರೋ ಯೋಚನೆ ಇದ್ರೆ ಅದು ಬೋಲ್ಡರ್ ಬೆಟ್ಟದ ಮೇಲೆ 9,600 ಅಡಿ ಏರುತ್ತೆ, ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಬೀಳ್ಬೋದು, ಹವಾಮಾನ ನೋಡ್ಕೊಂಡು ಹೊರಡಿ.

ನಿಮ್ಮ ಮಕ್ಕಳ ವಯಸ್ಸಿಗೆ ಜೂನಿಯರ್ ರೇಂಜರ್ ತಪ್ಪಿಸ್ಬೇಡಿ. ವಿಸಿಟರ್ ಸೆಂಟರ್‌ನಲ್ಲಿ ಪುಸ್ತಕ ಕೊಡ್ತಾರೆ, ಅದರ ಕೆಲಸ ಮುಗಿಸಿದ್ರೆ ರೇಂಜರ್ ಎದುರು ಪ್ರಮಾಣ ಮಾಡಿಸಿ ಬ್ಯಾಡ್ಜ್ ಕೊಡ್ತಾರೆ, ಆಮೇಲೆ ಮಕ್ಕಳೇ ನಿಮ್ಮನ್ನ ದಾರಿ ಬಿಟ್ಟು ಕಾಲಿಡಬೇಡಿ ಅಂತ ಗದರ್ತಾರೆ. ಗದರೋದು ಸರೀನೇ. ಅಲ್ಲಿ ಕಪ್ಪಗೆ ಉಬ್ಬುಬ್ಬಾಗಿ ಕಾಣೋ ಮಣ್ಣು ಜೀವ ಇರೋ ಮಣ್ಣು, ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಮರಳನ್ನ ಹಿಡಿದಿಟ್ಟಿರುತ್ತೆ, ಒಂದು ಸಲ ತುಳಿದ್ರೆ ಸರಿಹೋಗೋಕೆ ವರ್ಷಗಟ್ಟಲೆ ಬೇಕು. ಬಂಡೆ ಮೇಲೆ ಅಥವಾ ಟ್ರೇಲ್ ಮೇಲೆ ಮಾತ್ರ ನಡೀರಿ.

ಇನ್ನೂ ಎರಡು ದಿನ ಇದ್ರೆ ದಕ್ಷಿಣಕ್ಕೆ ನ್ಯಾಚುರಲ್ ಬ್ರಿಡ್ಜಸ್‌ಗೆ ಹೋಗಿ. 2007ರಲ್ಲಿ ಪ್ರಪಂಚದ ಮೊಟ್ಟಮೊದಲ ಇಂಟರ್‌ನ್ಯಾಷನಲ್ ಡಾರ್ಕ್ ಸ್ಕೈ ಪಾರ್ಕ್, ಅಂದ್ರೆ ದೀಪಗಳ ಬೆಳಕಿಲ್ಲದೆ ನಕ್ಷತ್ರ ಚೆನ್ನಾಗಿ ಕಾಣೋ ಜಾಗ, ಅಂತ ಮಾನ್ಯತೆ ಸಿಕ್ಕಿದ್ದು ಇದಕ್ಕೇ, ಅಮಾವಾಸ್ಯೆ ಆಸುಪಾಸಿನ ದಿನ ನೋಡಿ ಇಟ್ಕೊಳಿ. ಕ್ಯಾಂಪ್‌ಗ್ರೌಂಡಲ್ಲಿ 13 ಜಾಗ ಅಷ್ಟೇ, ರಿಸರ್ವೇಷನ್ ಇಲ್ಲ, ಮೊದಲು ಬಂದೋರಿಗೆ ಮೊದಲು. ಎತ್ತರ 6,500 ಅಡಿ, ರಾತ್ರಿ ಚಳಿ ಜೋರಾಗಿರುತ್ತೆ, ಟೆಂಟ್ ಬೇಡ ಅನ್ಸಿದ್ರೆ 40 ಮೈಲಿ ದೂರದ ಬ್ಲಾಂಡಿಂಗ್‌ನಲ್ಲಿ ರೂಮ್ ಸಿಗುತ್ತೆ, ಪೆಟ್ರೋಲ್ ಕೂಡ ಊರಲ್ಲೇ ತುಂಬಿಸ್ಕೊಳಿ, ಪಾರ್ಕ್ ಒಳಗೆ ಸಿಗಲ್ಲ.