ಹಾಸ್ಪೈಸ್ ಬಗ್ಗೆ ಕೇಳಿದ ಆಳಂದದ ಅಕ್ಕಾರಿಗೆ

ಅಕ್ಕಾರೆ, ಲಿವರ್ ಕ್ಯಾನ್ಸರ್ ಇರೋ ಅಪ್ಪಾರಿಗೆ ಇನ್ನ ಕೀಮೋ ಬ್ಯಾಡ ಅಂದಾರ, ನಿಮ್ಮ ತಮ್ಮ ಹೈದರಾಬಾದಿನ ಐಸಿಯುಗೆ ಒಯ್ಯೋಣ ಅಂತಾನ, ಹಾಸ್ಪೈಸ್ ಅಂದ್ರ ಕೈ ಬಿಟ್ಟಂಗೇನು ಅಂತ ಕೇಳೀರಿ.

ಹಂಗಲ್ರಿ. ಹಾಸ್ಪೈಸ್ ಅಂದ್ರ ವಾಸಿಯಾಗದ ಬ್ಯಾನಿ ಇದ್ದಾಗ ಕಡೀ ದಿನಗಳ ಆರೈಕಿ. ಕ್ಯಾನ್ಸರಿನ ಮದ್ದು ನಿಲ್ತದ, ಖರೆ. ನೋವು, ದಮ್ಮು, ವಾಂತಿ, ಬೆನ್ನಿನ ಹುಣ್ಣು ಇವಕ್ಕ ಉಪಚಾರ ನಡದೇ ಇರ್ತದ. ಆಯುಷ್ಯ ತಿಂಗಳುಗಳ ಲೆಕ್ಕಕ್ಕ ಬಂದದ ಅಂತ ಡಾಕ್ಟರಿಗೆ ಅನಿಸಿದಾಗ್ಲೇ ಇದರ ಮಾತು ತೆಗೀಬೇಕು. ನಮ್ಮ ಕಡಿ ಮಂದಿ ಕಡೀ ವಾರಕ್ಕ ಎಚ್ಚರಾಗ್ತಾರ. ಪದೇ ಪದೇ ದವಾಖಾನಿ, ಊಟ ಬಿಡೋದು, ದಿನಾ ಹೆಚ್ಚು ಹೊತ್ತು ಮಲಗೇ ಇರೋದು ಕಂಡ್ರ ತಡ ಮಾಡಬ್ಯಾಡ್ರಿ.

ಜೋರು ನೋವಿಗೆ ಕೊಡೋ ಮಾರ್ಫಿನ್ ಅಂದ್ರ ತಮ್ಮ ಹೆದರ್ಬಹುದು, ನಶಾ ಅಂತ. ನೋವು ನೋಡಿ ಲೆಕ್ಕದಾಗ ಕೊಟ್ರ ಅದರಿಂದ ಜೀವ ಲಗೂ ಹೋಗಂಗಿಲ್ಲ. ಲಿವರ್ ಸೋತಿದ್ರ ಡೋಸ್ ಕಮ್ಮಿ, ನಡುವಿನ ಅಂತರ ಹೆಚ್ಚು ಬೇಕಾಗ್ತದ. ಅದನ್ನ ಡಾಕ್ಟರೇ ಹೇಳ್ಬೇಕು. ಮಲಬದ್ಧತೆ ಹೆಚ್ಚುಕಮ್ಮಿ ಎಲ್ಲಾರಿಗೂ ಆಗ್ತದ, ಅದರ ಔಷಧಿನೂ ಜೋಡಿನೇ ಬರೆಸ್ಕೊಳ್ರಿ.

ಬೆಂಗಳೂರಿನ ಕರುಣಾಶ್ರಯ ಅನ್ನೋ ಹಾಸ್ಪೈಸಿನಾಗ ರೊಕ್ಕ ತಗೊಳಂಗಿಲ್ಲ, ಆದ್ರ ಇಂಥಾ ಹೊತ್ತಿನಾಗ ಅಷ್ಟು ದೂರ ಒಯ್ಯೋದು ನನಗೇನೋ ಸರಿ ಅನಸಂಗಿಲ್ಲ. ಮೊದ್ಲು ಕಲಬುರಗಿ ಕಿದ್ವಾಯಿ ಕ್ಯಾನ್ಸರ್ ಕೇಂದ್ರದಾಗ ನೋವು ಉಪಶಮನದ ಬಗ್ಗೆ ವಿಚಾರಿಸ್ರಿ. ಹೋಗುವಾಗ ಎಲ್ಲಾ ರಿಪೋರ್ಟು, ಈಗಿನ ಗುಳಿಗಿ ಚೀಟಿ ಒಯ್ರಿ. ಅಂದಂಗ, ಎಲ್ಲಿರ್ಬೇಕು ಅಂತ ಅಪ್ಪಾರನ್ನ ಯಾರರೆ ಕೇಳೀರೇನು?